ಆದಿ ಕ್ರೈಸ್ತರು ಏನು ಹಾಡುತ್ತಿದ್ದರು? ಹೀಬ್ರೂ ಬೇರಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ನಮ್ಮ ಚರ್ಚಿನ ಗಾಯನ ತಂಡದಲ್ಲಿ ಹಾಡುತ್ತೇನೆ. ಶನಿವಾರ ಸಂಜೆ ಅಭ್ಯಾಸ ಮುಗಿಸಿ ಪುಸ್ತಕ ಮುಚ್ಚುವ ಹೊತ್ತಿಗೆ ಯಾರಾದರೂ ಒಬ್ಬರು ಪ್ರಶ್ನೆ ಎತ್ತುತ್ತಾರೆ. "ಈ ಹಾಡುಗಳೆಲ್ಲ ಎಲ್ಲಿಂದ ಬಂದವು?" "ಮೊದಲ ಕ್ರೈಸ್ತರೂ ಹೀಗೇ ಹಾಡುತ್ತಿದ್ದರಾ?" ಉತ್ತರ ಹುಡುಕುತ್ತಾ ಹೋದ ಹಾಗೆ ವಿಷಯ ನನ್ನನ್ನು ಪೂರ್ತಿ ಹಿಡಿದುಕೊಂಡಿತು. ಜಾಸ್ತಿ ಸಲ ಬಂದ ಪ್ರಶ್ನೆಗಳನ್ನು ಇಲ್ಲಿ ಬರೆದಿದ್ದೇನೆ.

ಯೇಸುಸ್ವಾಮಿ ಹಾಡಿದ್ದರಾ?

ಹಾಡಿದ್ದರು. ಸುವಾರ್ತೆ ಬರೆದ ಮತ್ತಾಯ ಮತ್ತು ಮಾರ್ಕ ಇಬ್ಬರೂ ಇದನ್ನು ಬರೆದಿದ್ದಾರೆ. ಕಡೇ ರಾತ್ರಿಯ ಊಟ ಮುಗಿದ ಮೇಲೆ ಯೇಸು ಮತ್ತು ಶಿಷ್ಯರು ಹಾಡಿ, ಆಮೇಲೆ ಎಣ್ಣೇಮರಗಳ ಗುಡ್ಡಕ್ಕೆ ಹೊರಟರು. ಒಂದೇ ಒಂದು ವಾಕ್ಯ. ಓದುವಾಗ ಕಣ್ಣು ಅದನ್ನು ದಾಟಿ ಮುಂದೆ ಹೋಗಿಬಿಡುತ್ತದೆ.

ಏನು ಹಾಡಿದರು ಅಂತ ಅಲ್ಲಿ ಬರೆದಿಲ್ಲ. ಆದರೆ ಅದು ಪಸ್ಕ ಹಬ್ಬದ ಹೊತ್ತು. ಆ ಹಬ್ಬಕ್ಕೆ ಯೆಹೂದ್ಯರು ಹಾಡುವುದು ಬೈಬಲಿನ ಕೀರ್ತನೆಗಳ ಪುಸ್ತಕದಲ್ಲಿ 113ರಿಂದ 118ರವರೆಗಿನ ಕೀರ್ತನೆಗಳನ್ನು. ಇವಕ್ಕೆ 'ಹಲ್ಲೇಲ್' ಅಂತ ಹೆಸರು. ಯೆರೂಸಲೇಮಿನ ದೇವಾಲಯದಲ್ಲಿ ಹಬ್ಬದ ಕುರಿಗಳನ್ನು ಕೊಯ್ಯುವಾಗ, ದೇವಾಲಯದ ಸೇವೆಗೆ ಮೀಸಲಾದ ಕುಲದವರಾದ ಲೇವಿಯರು ಇವನ್ನೇ ಹಾಡುತ್ತಿದ್ದರು. ಕುರಿ ಕೊಯ್ಯುವುದು ಮುಗಿಯುವ ಮುಂಚೆ ಹಾಡು ಮುಗಿದರೆ ಮತ್ತೆ ಮೊದಲಿಂದ ಶುರು. ಮನೆಯಲ್ಲಿ ಊಟದ ಮುಂಚೆ ಒಂದು ಭಾಗ, ಊಟ ಆದ ಮೇಲೆ ಉಳಿದ ಭಾಗ ಅಂತ ಯೆಹೂದ್ಯರ ಹಳೆಯ ನಿಯಮಗಳ ಸಂಗ್ರಹವಾದ ಮಿಶ್ನಾ ಹೇಳುತ್ತದೆ. ಹಾಗಾಗಿ ಆ ರಾತ್ರಿ ಹಾಡಿದ್ದು ಹಲ್ಲೇಲಿನ ಕೊನೆಯ ಭಾಗವೇ ಇರಬೇಕು ಅಂತ ತುಂಬಾ ಜನ ವಿದ್ವಾಂಸರು ಹೇಳುತ್ತಾರೆ.

ಒಮ್ಮೆ 118ನೇ ಕೀರ್ತನೆಯನ್ನು ಆ ರಾತ್ರಿಯ ನೆನಪಲ್ಲಿ ಓದಿ ನೋಡಿ. ನಾನು ಸಾಯುವುದಿಲ್ಲ, ಬದುಕುವೆನು ಅನ್ನುವ ಮಾತು ಅದರಲ್ಲಿದೆ. ಮನೆ ಕಟ್ಟುವವರು ಬೇಡವೆಂದ ಕಲ್ಲೇ ಮೂಲೆಗಲ್ಲಾಯಿತು ಅನ್ನುವ ಸಾಲೂ ಇದೆ. ಹಿಡಿದುಕೊಂಡು ಹೋಗುವವರು ಇನ್ನೇನು ಬರುತ್ತಾರೆ ಅನ್ನುವ ಹೊತ್ತಿನ ಹಾಡು ಅದು. ಅದನ್ನು ಯೋಚಿಸಿದ ಮೇಲೆ ನನಗೆ ಆ ಕೀರ್ತನೆಯನ್ನು ಸುಮ್ನೆ ಹಾಡಿ ಮುಗಿಸಲು ಆಗಿಲ್ಲ.

ದೇವಾಲಯದಲ್ಲಿ ಹಾಡು ಹೇಗಿರುತ್ತಿತ್ತು?

ಹಾಡುವುದು ಲೇವಿಯರ ಕೆಲಸ. ಆಸಾಫ, ಹೇಮಾನ, ಯೆದುತೂನ, ಕೋರಹನ ಮಕ್ಕಳು ಅಂತ ಹಾಡುಗಾರರ ಮನೆತನಗಳೇ ಇದ್ದವು. ಕೀರ್ತನೆಗಳ ತಲೆಬರಹದಲ್ಲಿ ಈ ಹೆಸರುಗಳನ್ನು ಈಗಲೂ ಕಾಣಬಹುದು. ವೇದಿಕೆಯ ಮೇಲೆ ಕನಿಷ್ಠ 12 ಲೇವಿಯರು ನಿಲ್ಲಬೇಕಿತ್ತು. ವಾದ್ಯಗಳಿಗೂ ಲೆಕ್ಕ ಇತ್ತು. ಕಿನ್ನೋರ್ ಅನ್ನುವ ತಂತಿವಾದ್ಯ ಒಂಬತ್ತಕ್ಕೆ ಕಡಿಮೆ ಇರಬಾರದು, ನೇವೆಲ್ ಅನ್ನುವ ಇನ್ನೊಂದು ತಂತಿವಾದ್ಯ ಎರಡರಿಂದ ಆರು, ತಾಳ ಮಾತ್ರ ಒಂದೇ ಜೊತೆ.

ನಮ್ಮ ಬೈಬಲಿನಲ್ಲಿ ಕಿನ್ನೋರ್ ಅನ್ನುವುದಕ್ಕೆ 'ಕಿನ್ನರಿ' ಅಂತ ಹಾಕಿದ್ದಾರೆ. ಕಿವಿಗೆ ಎಷ್ಟು ಹತ್ತಿರ, ಅಲ್ವಾ? ಕಿನ್ನರಿ ಅಂದ ಕೂಡಲೇ ನಮಗೆ ಕಿನ್ನರಿ ಬೊಮ್ಮಯ್ಯ ನೆನಪಾಗುತ್ತಾನೆ. ಆದರೆ ಎರಡೂ ಒಂದೇ ವಾದ್ಯ ಅಲ್ಲ. ನಮ್ಮ ಕಿನ್ನರಿಗೆ ಉದ್ದನೆಯ ದಂಡಿ, ಮೆಟ್ಟಿಲು, ಸೋರೆ ಬುರುಡೆ ಇರುತ್ತವೆ. ಹೀಬ್ರೂ ಕಿನ್ನೋರಿಗೆ ದಂಡಿ ಇಲ್ಲ. ಎರಡು ತೋಳುಗಳ ನಡುವೆ ಮೇಲೊಂದು ಅಡ್ಡಪಟ್ಟಿ, ಅದರಿಂದ ಕೆಳಕ್ಕೆ ಬಿಗಿದ ತಂತಿಗಳು.

ವಾರದ ಒಂದೊಂದು ದಿನಕ್ಕೆ ಒಂದೊಂದು ಕೀರ್ತನೆ ಗೊತ್ತಾಗಿತ್ತು. ಭಾನುವಾರ 24, ಸೋಮವಾರ 48, ಮಂಗಳವಾರ 82, ಬುಧವಾರ 94, ಗುರುವಾರ 81, ಶುಕ್ರವಾರ 93, ಸಬ್ಬತ್ ದಿನವಾದ ಶನಿವಾರ 92. ಪರ್ಣಶಾಲೆಗಳ ಹಬ್ಬದ ರಾತ್ರಿಯಲ್ಲಿ ಲೇವಿಯರು ವಾದ್ಯ ಹಿಡಿದು ದೇವಾಲಯದ 15 ಮೆಟ್ಟಿಲುಗಳ ಮೇಲೆ ನಿಂತು ಹಾಡುತ್ತಿದ್ದರು. ಯಾತ್ರಾಗೀತೆ ಅಂತ ಕರೆಯುವ 120ರಿಂದ 134ರವರೆಗಿನ ಕೀರ್ತನೆಗಳೂ ಹದಿನೈದೇ.

ಕ್ರಿ.ಶ. 70ರಲ್ಲಿ ರೋಮನ್ ಸೈನ್ಯ ಆ ದೇವಾಲಯವನ್ನು ಸುಟ್ಟು ಕೆಡವಿತು. ಲೇವಿಯರ ಹಾಡು ಅಲ್ಲಿಗೆ ನಿಂತುಹೋಯಿತು.

ಹಾಗಾದರೆ ಸಭಾಮಂದಿರದಿಂದ ಚರ್ಚಿಗೆ ಹಾಡು ಬಂತು ಅಂತಲಾ?

ಸಭಾಮಂದಿರ (ಸಿನಗಾಗ್) ಅಂದರೆ ಯೆಹೂದ್ಯರು ತಮ್ಮ ತಮ್ಮ ಊರಲ್ಲಿ ಸೇರುವ ಜಾಗ. ತುಂಬಾ ದಿನ ಎಲ್ಲರೂ ಹಾಗೇ ನಂಬಿದ್ದರು. ನಾನೂ ಹಾಗೇ ಹೇಳಿಕೊಡುತ್ತಿದ್ದೆ. ದೇವಾಲಯದಿಂದ ಸಭಾಮಂದಿರಕ್ಕೆ, ಸಭಾಮಂದಿರದಿಂದ ಚರ್ಚಿಗೆ, ದೀಪದಿಂದ ದೀಪ ಹಚ್ಚಿದ ಹಾಗೆ. ಕೇಳಲು ಚೆನ್ನಾಗಿದೆ. ಆದರೆ ಅಷ್ಟು ಸಲೀಸಾಗಿ ನಡೆದಿಲ್ಲ.

ಯೆರೂಸಲೇಮಿನಲ್ಲಿ ಒಂದು ಶಾಸನ ಸಿಕ್ಕಿದೆ. ಥಿಯೋಡೋಟಸ್ ಅನ್ನುವವನು ಸಭಾಮಂದಿರ ಕಟ್ಟಿಸಿ ಗ್ರೀಕ್ ಭಾಷೆಯಲ್ಲಿ ಕೆತ್ತಿಸಿದ್ದು. ದೇವಾಲಯ ಬೀಳುವ ಮುಂಚಿನದು ಅಂತ ಸಾಮಾನ್ಯವಾಗಿ ಲೆಕ್ಕ ಹಾಕುತ್ತಾರೆ. ಈ ಮಂದಿರ ಯಾಕೆ ಕಟ್ಟಿಸಿದ್ದು ಅಂತ ಅದರಲ್ಲೇ ಇದೆ: ಧರ್ಮಶಾಸ್ತ್ರ ಓದುವುದಕ್ಕೆ, ಆಜ್ಞೆಗಳನ್ನು ಕಲಿಸುವುದಕ್ಕೆ, ಪರವೂರಿನಿಂದ ಬಂದವರಿಗೆ ಕೋಣೆ ಮತ್ತು ನೀರು ಒದಗಿಸುವುದಕ್ಕೆ. ಹಾಡಿನ ಮಾತೇ ಇಲ್ಲ! 1980ರ ದಶಕದಲ್ಲಿ ಜೆ. ಎ. ಸ್ಮಿತ್ ಮತ್ತು ಜೇಮ್ಸ್ ಮ್ಯಾಕಿನನ್ ಅನ್ನುವ ಸಂಗೀತ ವಿದ್ವಾಂಸರು ಇಂಥ ದಾಖಲೆಗಳನ್ನು ಒಂದೊಂದಾಗಿ ನೋಡಿ ಒಂದು ಮಾತು ಹೇಳಿದರು. ಆ ಕಾಲದ ಸಭಾಮಂದಿರದಲ್ಲಿ ಕೀರ್ತನೆ ಹಾಡುವುದು ಕ್ರಮವಾಗಿ ನಡೆಯುತ್ತಿತ್ತು ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ ಅಂತ. ಅಲ್ಲಿ ಮುಖ್ಯವಾಗಿ ನಡೆಯುತ್ತಿದ್ದುದು ಓದು ಮತ್ತು ಬೋಧನೆ.

ಹಾಗಾದರೆ ಬೇರು ಎಲ್ಲಿ? ಊಟದ ಪಂಕ್ತಿಯಲ್ಲಿ ಅನ್ನುವುದು ನನ್ನ ಅಭಿಪ್ರಾಯ. ಮೊದಲ ಕ್ರೈಸ್ತರು ಸೇರುತ್ತಿದ್ದುದು ಮನೆಗಳಲ್ಲಿ, ಊಟದ ಜೊತೆಗೆ. ಹಬ್ಬದ ಊಟಕ್ಕೆ ಕೀರ್ತನೆ ಹಾಡುವುದು ಯೆಹೂದ್ಯರ ಮನೆಗಳಲ್ಲಿ ಮೊದಲೇ ಇದ್ದ ರೂಢಿ. ಸುಮಾರು 197ರಲ್ಲಿ ಉತ್ತರ ಆಫ್ರಿಕದ ಕಾರ್ಥೇಜಿನ ಕ್ರೈಸ್ತ ಲೇಖಕ ತೆರ್ತುಲಿಯನ್, ಕ್ರೈಸ್ತರ ಒಟ್ಟೂಟದ ಬಗ್ಗೆ ಬರೆದಿದ್ದಾನೆ. ಊಟ ಆಗಿ, ಕೈ ತೊಳೆದು, ದೀಪ ಹಚ್ಚಿದ ಮೇಲೆ ಒಬ್ಬೊಬ್ಬರನ್ನೇ ನಡುವೆ ಕರೆಯುತ್ತಿದ್ದರಂತೆ. ಅವರು ಪವಿತ್ರ ಗ್ರಂಥದಿಂದಲೋ ಸ್ವಂತವಾಗಿ ಕಟ್ಟಿಯೋ ದೇವರಿಗೆ ಒಂದು ಹಾಡು ಹಾಡಬೇಕು. ಅಪೊಸ್ತಲ ಪೌಲನೂ ಕೊರಿಂಥದ ಕ್ರೈಸ್ತರಿಗೆ ಬರೆಯುವಾಗ, ನೀವು ಕೂಡಿಬಂದಾಗ ಒಬ್ಬನು ಹಾಡುವುದಕ್ಕೆ ಒಂದು ಕೀರ್ತನೆ ತರುತ್ತಾನೆ ಅನ್ನುತ್ತಾನೆ. ಇದು ಮನೆಯ ಹಾಡು. ಮೇಳ ಇಲ್ಲ, ವೇದಿಕೆ ಇಲ್ಲ.

ಧಾಟಿ ಬಂತಾ? ಅವೇ ಮಟ್ಟುಗಳು ನಮ್ಮವರೆಗೆ ಉಳಿದಿವೆಯಾ?

ಉಳಿದಿಲ್ಲ. ಮಟ್ಟುಗಳಿಗೆ ಹೆಸರಿತ್ತು ಅನ್ನುವುದಂತೂ ಕಾಣುತ್ತದೆ. ನಮ್ಮ ಯಕ್ಷಗಾನದ ಪದಗಳಿಗೆ ಇಂಥ ಮಟ್ಟು ಅಂತ ಹೇಳುವುದಿಲ್ಲವೇ, ಅದೇ ತರಹ. 22ನೇ ಕೀರ್ತನೆಯ ತಲೆಬರಹದಲ್ಲಿ 'ಅಯ್ಯೆಲೆತ್ ಹಶ್ಶಹರ್' ಅಂತಿದೆ. ಮುಂಜಾವಿನ ಜಿಂಕೆ ಅಂತ ಅರ್ಥ. 57, 58, 59 ಮತ್ತು 75ನೇ ಕೀರ್ತನೆಗಳಲ್ಲಿ 'ಅಲ್ ತಷ್‌ಹೇತ್', ಅಂದರೆ 'ನಾಶ ಮಾಡಬೇಡ'. ಇವು ಆಗಿನ ಜನಕ್ಕೆ ಗೊತ್ತಿದ್ದ ಯಾವುದೋ ಹಾಡಿನ ಧಾಟಿಗಳ ಹೆಸರಿರಬೇಕು ಅಂತ ಬಹಳ ಜನ ವಿದ್ವಾಂಸರು ಒಪ್ಪುತ್ತಾರೆ. ಹೆಸರು ಉಳಿಯಿತು, ಧಾಟಿ ಹೋಯಿತು.

ಕೀರ್ತನೆಗಳಲ್ಲಿ 71 ಸಲ ಬರುವ 'ಸೆಲಾ' ಕೂಡ ಹೀಗೇ. ಇಲ್ಲಿ ತಡೆದು ವಾದ್ಯ ನುಡಿಸಿ ಅನ್ನುವ ಸೂಚನೆ ಅಂತ ಹಲವರು ಹೇಳುತ್ತಾರೆ. ಓದುವಾಗ ಬಾಯಿಬಿಟ್ಟು 'ಸೆಲಾ' ಅನ್ನಬೇಕಾ ಅಂತ ಕೇಳುವವರಿಗೆ ನನ್ನ ಉತ್ತರ: ಬೇಡ, ಅಲ್ಲಿ ಒಂದು ಉಸಿರು ನಿಲ್ಲಿಸಿ.

ಹೀಬ್ರೂ ಬೈಬಲಿನ ಅಕ್ಷರಗಳ ಮೇಲೆ ಕೆಳಗೆ ಕಾಣುವ ಗೀಟು ಚುಕ್ಕೆಗಳನ್ನು ತೋರಿಸಿ, ಅದೇ ದೇವಾಲಯದ ಸ್ವರಲಿಪಿ ಅಂತ ಕೆಲವರು ಹೇಳುವುದನ್ನು ಕೇಳಿದ್ದೇನೆ. ಆ ಗುರುತುಗಳನ್ನು ಗಲಿಲಾಯದ ತಿಬೇರಿಯ ಊರಿನ ಯೆಹೂದಿ ಪಂಡಿತರು ಒಪ್ಪಮಾಡಿದ್ದು 9-10ನೇ ಶತಮಾನದ ಹೊತ್ತಿಗೆ. ದೇವಾಲಯ ಬಿದ್ದು ಆಗ 800 ವರ್ಷ ದಾಟಿತ್ತು.

ಗ್ರೆಗೋರಿಯನ್ ಗಾಯನ ಯೆಹೂದ್ಯರ ಧಾಟಿಯೇ ಅಂತ ಹೇಳುತ್ತಾರಲ್ಲ?

ಗ್ರೆಗೋರಿಯನ್ ಗಾಯನ ಅಂದರೆ ಪಶ್ಚಿಮದ ಚರ್ಚಿನ ಹಳೆಯ ಲ್ಯಾಟಿನ್ ಹಾಡುಗಾರಿಕೆ. ಅಬ್ರಹಾಂ ಇಡೆಲ್ಸನ್ ಅನ್ನುವ ಸಂಗೀತ ವಿದ್ವಾಂಸರು ಹಾಗೆ ವಾದಿಸಿದರು. 20ನೇ ಶತಮಾನದ ಮೊದಲ ದಶಕಗಳಲ್ಲಿ ಅವರು ಯೆರೂಸಲೇಮಿನಲ್ಲಿದ್ದುಕೊಂಡು ಯೆಮೆನ್, ಪರ್ಷಿಯಾ, ಬಾಗ್ದಾದ್ ಕಡೆಯಿಂದ ಬಂದ ಯೆಹೂದ್ಯರ ಹಾಡುಗಳನ್ನು ಫೋನೋಗ್ರಾಫಿನಲ್ಲಿ ಹಿಡಿದಿಟ್ಟರು, 10 ಸಂಪುಟಗಳಲ್ಲಿ ಸ್ವರ ಹಾಕಿ ಅಚ್ಚು ಮಾಡಿಸಿದರು. ಯೆಮೆನ್ ಯೆಹೂದ್ಯರ ಕೆಲವು ಧಾಟಿಗಳು ಗ್ರೆಗೋರಿಯನ್ ಧಾಟಿಗಳನ್ನು ಹೋಲುವುದು ಅವರ ಕಣ್ಣಿಗೆ ಬಿತ್ತು. ಆ ಕೆಲಸದ ಬಗ್ಗೆ ನನಗೆ ತುಂಬಾ ಗೌರವ ಇದೆ.

ಆದರೆ ಹೋಲಿಕೆ ಇದ್ದ ಮಾತ್ರಕ್ಕೆ ಅಲ್ಲಿಂದ ಇಲ್ಲಿಗೆ ಬಂತು ಅಂತ ಆಗುವುದಿಲ್ಲ. ಒಂದೇ ಸ್ವರದಲ್ಲಿ ಸಾಲನ್ನು ಹೇಳಿಕೊಂಡು ಹೋಗಿ, ನಡುವೆ ಒಂದು ತಿರುವು, ಕೊನೆಗೆ ಒಂದು ಇಳಿತ ಅನ್ನುವ ಕ್ರಮ ಪವಿತ್ರ ಗ್ರಂಥಗಳನ್ನು ರಾಗವಾಗಿ ಓದುವ ಕಡೆಯಲ್ಲೆಲ್ಲ ಸಿಗುತ್ತದೆ. ಗ್ರೆಗೋರಿಯನ್ ಗಾಯನಕ್ಕೆ ಸ್ವರಗುರುತು ಸಿಗುವುದೇ 9ನೇ ಶತಮಾನದಿಂದ ಈಚೆಗೆ. ಸ್ವರವನ್ನು ಬರೆದಿಡಲು ಆಗುವುದಿಲ್ಲ, ನೆನಪಲ್ಲಿ ಉಳಿಯದಿದ್ದರೆ ಅದು ಹೋದ ಹಾಗೇ ಅಂತ 7ನೇ ಶತಮಾನದಲ್ಲಿ ಸ್ಪೇನಿನ ಸೆವಿಲ್ಲಿನ ಬಿಷಪ್ ಇಸಿಡೋರ್ ಬರೆದಿದ್ದಾನೆ.

ಆದಿ ಕ್ರೈಸ್ತರ ಒಂದಾದರೂ ಹಾಡು ಸ್ವರದ ಸಮೇತ ಸಿಕ್ಕಿದೆಯಾ?

ಒಂದು ಸಿಕ್ಕಿದೆ! ಈಜಿಪ್ಟಿನ ಆಕ್ಸಿರಿಂಕಸ್ ಅನ್ನುವ ಹಳೆ ಊರಿನ ಕಸದ ದಿಬ್ಬಗಳಲ್ಲಿ ಸಾವಿರಾರು ಪಪೈರಸ್ ಚೂರುಗಳು ಸಿಕ್ಕವು. ಅದರಲ್ಲಿ 1786ನೇ ನಂಬರಿನ ಚೂರು ಇದು. 1922ರಲ್ಲಿ ಅಚ್ಚಾಯಿತು, ಈಗ ಆಕ್ಸ್‌ಫರ್ಡಿನಲ್ಲಿದೆ. ಒಂದು ಮಗ್ಗುಲಲ್ಲಿ ಧಾನ್ಯದ ಲೆಕ್ಕ. ಕೆಲಸ ಮುಗಿದ ಆ ಲೆಕ್ಕದ ಹಾಳೆಯನ್ನು ತಿರುಗಿಸಿ, ಹಿಂಬದಿಯಲ್ಲಿ ಯಾರೋ ಹಾಡು ಬರೆದಿದ್ದಾರೆ. 3ನೇ ಶತಮಾನದ ಕೊನೆಯ ಹೊತ್ತು. ಉಳಿದಿರುವುದು ಐದು ಸಾಲು, ಅದೂ ಅಲ್ಲಲ್ಲಿ ಹರಿದುಹೋಗಿದೆ. ಗ್ರೀಕ್ ಮಾತಿನ ಮೇಲೆ ಪುಟ್ಟ ಪುಟ್ಟ ಅಕ್ಷರಗಳಲ್ಲಿ ಸ್ವರ. ಎಲ್ಲಿ ಎಳೆಯಬೇಕು ಅನ್ನುವುದಕ್ಕೆ ಗೀಟು, ಮತ್ತೆ ಕೆಲವು ಕಡೆ ಚುಕ್ಕೆ.

ನಕ್ಷತ್ರಗಳು ಸುಮ್ಮನಿರಲಿ, ನಾವು ತಂದೆ ಮಗ ಪವಿತ್ರಾತ್ಮರನ್ನು ಹಾಡುವಾಗ ಎಲ್ಲ ಶಕ್ತಿಗಳೂ ಆಮೆನ್ ಆಮೆನ್ ಅನ್ನಲಿ ಅನ್ನುವುದು ಅದರ ಭಾವ. ಸ್ವರ ಬರೆದ ಕ್ರಮ ಪೂರ್ತಿ ಗ್ರೀಕರದು. ಹೀಬ್ರೂ ಅಂತ ಅಲ್ಲಿ ಉಳಿದಿರುವುದು ಒಂದೇ ಮಾತು: ಆಮೆನ್. ಅದೂ ಎಲ್ಲರೂ ಸೇರಿ ಹೇಳುವ ಜಾಗದಲ್ಲಿ. ನನಗೆ ಇಡೀ ವಿಷಯ ಆ ಹರಿದ ಹಾಳೆಯಲ್ಲೇ ಕಂಡ ಹಾಗಾಯಿತು. ಧಾಟಿ ಊರಿನದು. ಓಗೊಡುವ ಮಾತು ಹೀಬ್ರೂವಿನದು.

ಓಗೊಡುವುದು ಅಂದರೆ?

ಒಬ್ಬರು ಹೇಳುವುದು, ಉಳಿದವರು ಉತ್ತರ ಕೊಡುವುದು. ನಮ್ಮ ಸೋಬಾನೆ ಪದದಲ್ಲಿ ಒಬ್ಬಾಕೆ ಸೊಲ್ಲು ಎತ್ತಿದರೆ ಉಳಿದವರು 'ಸೋ' ಅನ್ನುತ್ತಾರಲ್ಲ, ಹಾಗೆ. ಯೆಹೂದ್ಯರಿಂದ ಕ್ರೈಸ್ತರಿಗೆ ಬಂದ ನಿಜವಾದ ಆಸ್ತಿ ಇದು ಅಂತ ನಾನು ನಂಬಿದ್ದೇನೆ. ಸಮುದ್ರ ದಾಟಿದ ಮೇಲೆ ಮಿರ್ಯಾಮಳು ದಮ್ಮಡಿ ಹಿಡಿದು ಹೆಂಗಸರಿಗೆ ಪಲ್ಲವಿ ಹೇಳಿದ್ದು ವಿಮೋಚನಕಾಂಡದ 15ನೇ ಅಧ್ಯಾಯದಲ್ಲಿದೆ. ಹಲ್ಲೇಲನ್ನು ಹೇಗೆ ಹೇಳಬೇಕು ಅಂತ ಮಿಶ್ನಾ ವಿವರಿಸುತ್ತದೆ: ದೊಡ್ಡವನೊಬ್ಬ ಹೇಳಿಕೊಡುತ್ತಿದ್ದರೆ ಕೇಳುವವನು 'ಹಲ್ಲೆಲೂಯಾ' ಅಂತ ಉತ್ತರ ಕೊಡಬೇಕು, ಮಗು ಹೇಳಿಕೊಡುತ್ತಿದ್ದರೆ ಅದು ಹೇಳಿದ್ದನ್ನೇ ಹಿಂದೆ ಹೇಳಬೇಕು.

ಈಗ ಕ್ರೈಸ್ತರ ಕಡೆ ನೋಡಿ. ಸುಮಾರು 375ರಲ್ಲಿ ಈಗಿನ ತುರ್ಕಿಯಲ್ಲಿರುವ ಕೈಸರೈಯದ ಬಿಷಪ್ ಬಾಸಿಲ್, ನೆಯೋಕೈಸರೈಯ ಊರಿನ ಗುರುಗಳಿಗೆ ಒಂದು ಪತ್ರ ಬರೆದ. ಇವನು ಹೊಸ ರೀತಿ ಹಾಡಿಸುತ್ತಾನೆ ಅಂತ ಅವರು ದೂರುತ್ತಿದ್ದರು. ಬಾಸಿಲ್ ತನ್ನ ಜನ ಏನು ಮಾಡುತ್ತಾರೆ ಅಂತ ಬಿಡಿಸಿ ಹೇಳುತ್ತಾನೆ. ಇನ್ನೂ ಕತ್ತಲಿರುವಾಗಲೇ ಎದ್ದು ಪ್ರಾರ್ಥನೆಯ ಮನೆಗೆ ಬರುತ್ತಾರೆ. ಮೊದಲು ಎರಡು ಗುಂಪಾಗಿ ಒಬ್ಬರಿಗೊಬ್ಬರು ಓಗೊಟ್ಟು ಹಾಡುತ್ತಾರೆ. ಆಮೇಲೆ ಒಬ್ಬನಿಗೆ ಸೊಲ್ಲೆತ್ತಲು ಬಿಟ್ಟು ಉಳಿದವರು ಹಿಂದೆ ಹಾಡುತ್ತಾರೆ. ಇದು ನನ್ನೊಬ್ಬನ ಊರಲ್ಲಿ ಮಾತ್ರ ಇಲ್ಲ, ಈಜಿಪ್ಟ್, ಪ್ಯಾಲೆಸ್ತೀನ್, ಅರಬರ ನಾಡು, ಸಿರಿಯಾ, ಯೂಫ್ರಟೀಸ್ ದಂಡೆಯವರೂ ಹೀಗೇ ಹಾಡುತ್ತಾರೆ, ಅವರನ್ನೆಲ್ಲ ಬಿಡುತ್ತೀರಾ ಅಂತ ಕೇಳುತ್ತಾನೆ.

ಮಿಲಾನಿನಲ್ಲಿ ಈ ರೀತಿ ಶುರುವಾದದ್ದು ಕಷ್ಟದ ಕಾಲದಲ್ಲಿ. 386ರಲ್ಲಿ ರಾಜಮಾತೆ ಜಸ್ಟೀನಾ ಒಂದು ಚರ್ಚನ್ನು ತನ್ನ ಪಂಗಡಕ್ಕೆ ಬಿಟ್ಟುಕೊಡಿ ಅಂತ ಪಟ್ಟು ಹಿಡಿದಳು. ಬಿಷಪ್ ಅಂಬ್ರೋಸ್ ಬಗ್ಗಲಿಲ್ಲ. ಜನ ಹಗಲು ರಾತ್ರಿ ಚರ್ಚಿನೊಳಗೇ ಕಾವಲು ಕೂತರು. ಆ ಜನ ಬೇಸತ್ತು ಸೊರಗಬಾರದು ಅಂತ ಪೂರ್ವದ ನಾಡುಗಳ ಕ್ರಮದಲ್ಲಿ ಹಾಡುವುದನ್ನು ಆಗ ಶುರುಮಾಡಿದರು ಅಂತ, ಮುಂದೆ ತಾನೂ ಬಿಷಪ್ ಆದ ಅಗಸ್ಟೀನ್ ಬರೆದಿದ್ದಾನೆ. ಅವನ ತಾಯಿ ಮೋನಿಕಾ ಕೂಡ ಆ ಗುಂಪಿನಲ್ಲಿದ್ದಳು.

ಹೊರಗಿನವರು ಯಾರಾದರೂ ಇದನ್ನು ಕಂಡು ಬರೆದಿದ್ದಾರಾ?

ಸುಮಾರು 112ರಲ್ಲಿ ಈಗಿನ ತುರ್ಕಿಯಲ್ಲಿರುವ ಬಿಥೂನಿಯದ ರೋಮನ್ ಅಧಿಕಾರಿ ಪ್ಲಿನಿ, ಚಕ್ರವರ್ತಿ ಟ್ರಾಜನ್‌ಗೆ ಪತ್ರ ಬರೆದ. ಗೊತ್ತಾದ ಒಂದು ದಿನ ಬೆಳಕು ಹರಿಯುವ ಮುಂಚೆ ಕ್ರೈಸ್ತರು ಸೇರುತ್ತಾರೆ, ಕ್ರಿಸ್ತನನ್ನು ದೇವರೆಂಬಂತೆ ಒಬ್ಬರಾದ ಮೇಲೆ ಒಬ್ಬರು ಹಾಡುತ್ತಾರೆ ಅಂತ ಅದರಲ್ಲಿದೆ. ನಿಜ ತಿಳಿಯಲು ಇಬ್ಬರು ದಾಸಿಯರಿಗೆ ಚಿತ್ರಹಿಂಸೆ ಕೊಡಿಸಿದೆ ಅಂತಲೂ ಅವನೇ ಬರೆದಿದ್ದಾನೆ. ಅವರು ಸಭೆಯಲ್ಲಿ ಸೇವೆ ಮಾಡುವವರು. ಅವರ ಹೆಸರನ್ನು ಪ್ಲಿನಿ ಹೇಳಲಿಲ್ಲ. ಆದಿ ಕ್ರೈಸ್ತರ ಹಾಡಿನ ಬಗ್ಗೆ ಹೊರಗಿನವರ ಅತಿ ಹಳೆಯ ಸಾಕ್ಷಿ ಇರುವ ಪತ್ರದಲ್ಲೇ ಆ ಇಬ್ಬರ ಸಂಕಟವೂ ಇದೆ.

ಹೆಂಗಸರು ಹಾಡುತ್ತಿದ್ದರಾ?

ಒಂದೊಂದು ಊರಲ್ಲಿ ಒಂದೊಂದು ರೀತಿ. 4ನೇ ಶತಮಾನದಲ್ಲಿ ಯೆರೂಸಲೇಮಿನ ಬಿಷಪ್ ಸಿರಿಲ್, ಹೆಂಗಸರು ತುಟಿ ಮಾತ್ರ ಆಡಿಸಲಿ, ಸ್ವರ ಹೊರಗೆ ಬರಬಾರದು ಅಂತ ಹೇಳಿದ. ಅದೇ ಶತಮಾನದಲ್ಲಿ ಮಿಲಾನಿನ ಅಂಬ್ರೋಸ್, ಹೆಂಗಸರೂ ಕೀರ್ತನೆಯನ್ನು ಚೆನ್ನಾಗಿ ಹಾಡುತ್ತಾರೆ ಅಂತ ಬರೆದ.

ಎಲ್ಲರಿಗಿಂತ ಮುಂದೆ ಹೋದವನು ಸಿರಿಯಾ ಕಡೆಯ ಕವಿ ಎಫ್ರೇಮ್. ನಿಸಿಬಿಸ್ ಮತ್ತು ಎಡೆಸ್ಸಾದಲ್ಲಿ ಬದುಕಿ 373ರಲ್ಲಿ ತೀರಿಕೊಂಡ. ಅವನು ಹೆಂಗಸರ ಮೇಳಗಳನ್ನು ಕಟ್ಟಿ ಹಾಡು ಕಲಿಸಿದ ಅಂತ ಮುಂದೆ ಬಂದ ಕವಿ ಸೆರೂಗಿನ ಯಾಕೋಬ್ ಕೊಂಡಾಡುತ್ತಾನೆ, ಮಿರ್ಯಾಮಳ ಹಾಡನ್ನೇ ಅದಕ್ಕೆ ಹೋಲಿಸುತ್ತಾನೆ. ಎಫ್ರೇಮನ ಹಾಡುಗಳನ್ನು 'ಮದ್ರಾಶೆ' ಅನ್ನುತ್ತಾರೆ. ಪ್ರತಿ ಹಾಡಿನ ಮೇಲೆ ಇಂಥ ಮಟ್ಟಿನಲ್ಲಿ ಹಾಡಿ ಅನ್ನುವ ಸೂಚನೆ, ಪ್ರತಿ ನುಡಿ ಮುಗಿದಾಗ ಜನ ಹೇಳುವ ಪಲ್ಲವಿ. ಅವನು ಬರೆದ ಸಿರಿಯಾಕ್, ಹೀಬ್ರೂವಿನ ಹತ್ತಿರದ ನಂಟಿನ ಭಾಷೆ. ಹೀಬ್ರೂವಿನಲ್ಲಿ ಪವಿತ್ರ ಅನ್ನುವುದಕ್ಕೆ 'ಕಾದೋಶ್', ಸಿರಿಯಾಕಿನಲ್ಲಿ 'ಕಾದೀಶಾ'.

ಚರ್ಚಿನಲ್ಲಿ ವಾದ್ಯ ಯಾಕೆ ಬೇಡ ಅಂದರು?

ವಾದ್ಯ ಅಂದರೆ ಆಗಿನ ಊರುಗಳಲ್ಲಿ ಕುಡಿತದ ಕೂಟ, ನಾಟಕದ ಮನೆ, ಬೇರೆ ದೇವರುಗಳ ಬಲಿ. ಅದರ ಸಹವಾಸವೇ ಬೇಡ ಅಂದರು. ಯೆಹೂದ್ಯರೂ ದೇವಾಲಯ ಹೋದ ದುಃಖಕ್ಕೆ ಪ್ರಾರ್ಥನೆಯಲ್ಲಿ ವಾದ್ಯ ಬಿಟ್ಟರು. ಕಾರಣ ಬೇರೆ, ಎರಡೂ ಕಡೆ ಉಳಿದದ್ದು ಬರೀ ಬಾಯಿಹಾಡು.

ಕೀರ್ತನೆಯ ನಂಬರ್ ಕೆಲವು ಪುಸ್ತಕಗಳಲ್ಲಿ ಒಂದು ಕಡಿಮೆ ಇರುತ್ತದಲ್ಲ, ಯಾಕೆ?

ಹೀಬ್ರೂವಿನ 9 ಮತ್ತು 10ನೇ ಕೀರ್ತನೆಗಳು ಗ್ರೀಕ್ ಅನುವಾದದಲ್ಲಿ ಒಂದೇ ಆಗಿವೆ. ಲ್ಯಾಟಿನ್ ಅದನ್ನೇ ಹಿಡಿಯಿತು. ಹಾಗಾಗಿ "ಯೆಹೋವನು ನನಗೆ ಕುರುಬನು" ಒಂದು ಕಡೆ 23, ಇನ್ನೊಂದು ಕಡೆ 22. ಒಟ್ಟು 150 ಎರಡು ಕಡೆಯೂ ಸರಿಹೋಗುತ್ತದೆ, ಮುಂದೆ ಬೇರೆ ಕೀರ್ತನೆಗಳನ್ನು ಒಡೆದಿದ್ದಾರೆ.

ನಾವು ದಿನಾ ಹೇಳುವ ಹೀಬ್ರೂ ಮಾತುಗಳು ಯಾವುವು?

'ಆಮೆನ್' ಅಂದರೆ ನಿಜ, ಹಾಗೇ ಆಗಲಿ. 'ಹಲ್ಲೆಲೂಯಾ' ಅಂದರೆ ಯಾಹುವನ್ನು ಸ್ತುತಿಸಿರಿ. ಕೊನೆಯ 'ಯಾ' ದೇವರ ಹೆಸರಿನ ಚಿಕ್ಕ ರೂಪ. ಗರಿಗಳ ಭಾನುವಾರ ಗರಿ ಆಡಿಸುತ್ತಾ ಕೂಗುವ 'ಹೊಸನ್ನ' ಮೂಲದಲ್ಲಿ ಜಯಕಾರವಲ್ಲ, ಮೊರೆ. 'ಹೋಶೀಯಾ ನಾ', ಅಂದರೆ ದಯವಿಟ್ಟು ಕಾಪಾಡು. 118ನೇ ಕೀರ್ತನೆಯಿಂದ ಬಂದದ್ದು. ಪೂಜೆಯಲ್ಲಿ ಹಾಡುವ "ಪರಿಶುದ್ಧನು, ಪರಿಶುದ್ಧನು, ಪರಿಶುದ್ಧನು" ಯೆಶಾಯನ 6ನೇ ಅಧ್ಯಾಯದ ಸಾಲು, ಯೆಹೂದ್ಯರ ಪ್ರಾರ್ಥನೆಯಲ್ಲೂ ಅದೇ ಸಾಲಿದೆ. ಮರಿಯಮ್ಮನ ಹಾಡನ್ನು ಸಮುವೇಲನ ತಾಯಿ ಹನ್ನಳ ಹಾಡಿನ ಪಕ್ಕ ಇಟ್ಟು ಓದಿದರೆ, ಯಾರು ಯಾರಿಂದ ಕಲಿತರು ಅಂತ ಯಾರೂ ಹೇಳಿಕೊಡಬೇಕಿಲ್ಲ.

ಕರ್ನಾಟಕಕ್ಕೂ ಇದಕ್ಕೂ ನಂಟು ಇದೆಯಾ?

ಇದೆ. ಕೇರಳದಿಂದ ಬಂದು ಬೆಳ್ತಂಗಡಿ, ಪುತ್ತೂರು ಕಡೆ ನೆಲೆಸಿದ ಸಿರಿಯನ್ ಕ್ರೈಸ್ತರು ಎಫ್ರೇಮನ ಭಾಷೆಯ ಪರಂಪರೆಗೆ ಸೇರಿದವರು. ಇನ್ನು ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಷನಿನವರು ಜರ್ಮನ್ ಧಾಟಿಗೆ ಕನ್ನಡ ಮಾತು ಕೂರಿಸಿ ಹಾಡಿಸಿದರು. ಧಾಟಿ ಒಂದು ಕಡೆಯದು, ಮಾತು ಇನ್ನೊಂದು ಕಡೆಯದು ಅನ್ನುವ ಆ ಹಳೇ ಕಥೆ ಇಲ್ಲೂ ನಡೆಯಿತು.

ಅವರು ಹಾಡಿದ ಹಾಗೆ ನಾವೂ ಹಾಡಿ ನೋಡಬಹುದಾ?

ಖಂಡಿತ. 136ನೇ ಕೀರ್ತನೆ ತೆಗೆಯಿರಿ. 26 ವಚನಗಳು, 26ರ ಕೊನೆಗೂ ಒಂದೇ ಮಾತು: ಆತನ ಕೃಪೆ ಶಾಶ್ವತ. ಹೀಬ್ರೂವಿನಲ್ಲಿ 'ಕೀ ಲೆಓಲಾಮ್ ಹಸ್ದೋ'. ಒಬ್ಬರು ವಚನದ ಮೊದಲ ಅರ್ಧ ಹೇಳಲಿ, ಎಲ್ಲರೂ ಆ ಮಾತನ್ನು ಹೇಳಲಿ. ಹಾರ್ಮೋನಿಯಂ ಬೇಡ. ಕೈಯಲ್ಲಿ ಪುಸ್ತಕವೂ ಬೇಡ, ಸೊಲ್ಲೆತ್ತುವವರ ಹತ್ತಿರ ಮಾತ್ರ ಇದ್ದರೆ ಸಾಕು.

ನಮ್ಮಲ್ಲಿ ಒಂದು ಶನಿವಾರ ಕರೆಂಟ್ ಹೋದಾಗ ಹೀಗೆ ಮಾಡಿದೆವು. ಮೊದಲ ನಾಲ್ಕೈದು ವಚನ ಎಲ್ಲರೂ ಸಂಕೋಚದಿಂದ ಗೊಣಗಿದರು. ಹತ್ತನೇ ವಚನದ ಹೊತ್ತಿಗೆ ಸ್ವರ ಒಂದಾಯಿತು. ಓದಲು ಬಾರದ ಒಬ್ಬ ಅಜ್ಜಿ ಯಾವಾಗಲೂ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತು ಕೇಳುತ್ತಿದ್ದರು. ಅವತ್ತು ಎಲ್ಲರಿಗಿಂತ ಗಟ್ಟಿಯಾಗಿ ಕೇಳಿದ್ದು ಅವರದೇ ದನಿ.